ಇದ್ದೀತು

ಅಫೀಫಿನಿಂದ ತೊಂಬತ್ತು ಕಿಲೋಮೀಟರು,
ಡಾಂಬರು ಮುಗಿದ ಮೇಲೆ ಇನ್ನೂ ನಲವತ್ತು.
ಇಲ್ಲಿ ಕ್ಯಾಂಪಿನ ಭಾಷೆಗೆ ಎರಡೇ ಕ್ರಿಯಾಪದ:
ಫೀ, ಅಂದರೆ ಇದೆ. ಮಾಫೀ, ಅಂದರೆ ಇಲ್ಲ.
ನೀರು ಫೀ. ಡೀಸೆಲ್ ಮಾಫೀ. ರಜೆ ಮಾಫೀ.
ಸ್ವಾತದ ಡ್ರಿಲ್ಲರ್ ಜರ್ವಾಲಿ, ಅಡುಗೆಯ ಟೇಕ್‌ಬಹಾದುರ್,
ಗದಗ ಸೀಮೆಯ ದೋಣಿ ಊರಿನ ನಾನು,
ಎರಡು ಮಾತಿನಲ್ಲೇ ಮೂರು ತಿಂಗಳ ಸಂಸಾರ.

ಏಳು ರಂಧ್ರ ಕೊರೆದಾಯಿತು.
ಉರುಟು ಕಲ್ಲಿನ ಕಡ್ಡಿಗಳು ಪೆಟ್ಟಿಗೆಗಳಲ್ಲಿ
ಬಳೆಗಾರನ ಮಲಾರದಷ್ಟು ಜೋಪಾನ.
ನೀರು ಚಿಮುಕಿಸುತ್ತೇನೆ, ಬಣ್ಣ ಏಳುತ್ತದೆ,
ಭೂತಗನ್ನಡಿ ಹಿಡಿದು ಬರೆಯುತ್ತೇನೆ:
ಬೆಣಚುಕಲ್ಲಿನ ಎಳೆ, ಕಿರುಬೆರಳ ದಪ್ಪ.
ಕಾಗೆಬಂಗಾರ ಬೇಕಾದಷ್ಟು.
ಬಂಗಾರ, ಕಣ್ಣಿಗೆ ಕಾಣುವಂಥದು, ಮಾಫೀ.

ನಾಲ್ಕನೆಯದರಲ್ಲಿ ಮಾತ್ರ, ಅರವತ್ತೆರಡನೇ ಮೀಟರಿಗೆ,
ಟನ್ನಿಗೆ ಎರಡು ಗ್ರಾಂ ಚಿಲ್ಲರೆ ಎಂದಿತು ಪ್ರಯೋಗಾಲಯ.
ಒಂದು ಚಕ್ಕಡಿ ಹೇರು ಕಲ್ಲು ಹಿಟ್ಟು ಮಾಡಿದರೆ
ಒಂದು ಮೂಗುಬೊಟ್ಟು.
ಅದೂ ಒಂದೇ ಮೀಟರು. ಆಚೆ ಈಚೆ ಬರೀ ಕಲ್ಲು.
ಉಳಿದ ಆರು ರಂಧ್ರ ಬಾಯಿ ಬಿಟ್ಟುಕೊಂಡು
ಬಿಸಿಗಾಳಿ ಕುಡಿಯುತ್ತಿವೆ.

ಯುರೇನಿಯಮ್ಮಿನದು ಬೇರೆಯೇ ಕಥೆ.
ಕೆಂಪು ಗುಡ್ಡದ ಬುಡದಲ್ಲಿ ಎಣಿಕೆಯಂತ್ರ
ಒಮ್ಮೆಲೇ ಕಟಕಟ ಹಲ್ಲು ಕಡಿಯಿತು.
ಕುಣಿದಾಡಿದೆವು. ಆಮೇಲೆ ನೋಡಿದರೆ ಬಹುಪಾಲು ಥೋರಿಯಂ,
ಹತ್ತಿ ಬಿಡಿಸಹೋದವನಿಗೆ ಎಕ್ಕದ ಕಾಯಿ ಸಿಕ್ಕ ಹಾಗೆ.

ಕೆಳಗಿನ ಬಾವಿಯ ಮುತ್ಲಖ್ ಬಂದು ಯಂತ್ರ ಕೇಳಿದ.
ಕೊಡ ತೋರಿಸಿದ, ಸುಮ್ಮನಿತ್ತು.
ಆಡಿನ ಮರಿಯ ಹೊಟ್ಟೆಗೆ ಹಿಡಿದ, ಸುಮ್ಮನಿತ್ತು.
ಒಲೆಯ ಹತ್ತಿರ ಹೋದಾಗ ಮಾತಾಡಿತು.
ಮೂರು ಗುಂಡುಗಳೂ ಅವನಜ್ಜ ಅದೇ ಗುಡ್ಡದಿಂದ ತಂದವು.
"ಫೀ?" ಅಂದ ಮುತ್ಲಖ್.
ಎಷ್ಟು ಕಡಿಮೆ ಎಂದು ಹೇಳಲು ನನ್ನಲ್ಲಿ ಮಾತಿಲ್ಲ.
ಅದೇ ಒಲೆಯ ಮೇಲೆ ಕಾಫಿ ಕಾಸಿ ಕೊಟ್ಟ. ಕುಡಿದೆ.

ರಿಯಾದಿನಿಂದ ಫೋನು:
ಒಂದೇ ಪುಟ ಸಾಕು, ಇದರ ಭವಿಷ್ಯ ಬರಿ.
ನಾಲ್ಕನೆಯದು ಮೇಲೆ ಬರಲಿ, ದಪ್ಪಕ್ಷರದಲ್ಲಿ.
ಖಾಲಿಯವು ಕೊನೆಗೆ, ಅನುಬಂಧದಲ್ಲಿ.

ನಮ್ಮದು ಜಾಲಗಾರರ ಮನೆ.
ಹಳ್ಳ ಇಳಿದ ಮಾರನೇ ದಿನ ಆಯಿ ಮೊಣಕಾಲುದ್ದ ನೀರಲ್ಲಿ ನಿಂತು
ಮರಿಗೆಯಲ್ಲಿ ಮರಳು ತೂಗುತ್ತಿದ್ದಳು,
ತೊಟ್ಟಿಲು ತೂಗಿದ ಕೈಯಲ್ಲೇ.
"ಐತೇನಬೇ ಆಯಿ?" ಅಂದರೆ ತಲೆ ಎತ್ತದೆ:
"ಇದ್ದೀತು."
ಗುಲಗಂಜಿಗೆ ತೂಗುವ ತನಕ ಐತಿ ಅನ್ನಲಿಲ್ಲ.
ಮರಳು ಮತ್ತೆ ಹಳ್ಳಕ್ಕೆ ಚೆಲ್ಲುವ ತನಕ ಇಲ್ಲ ಅನ್ನಲಿಲ್ಲ.
ಅದು ಸಂಭಾವನಾರ್ಥವೆಂದು ಆಮೇಲೆ ಶಾಲೆಯಲ್ಲಿ ತಿಳಿಯಿತು,
ಮಳೆ ಬಂದೀತು, ಹಣ್ಣು ಉದುರೀತು, ಎರಡು ಅಂಕ.

ರಾತ್ರಿ ಜನರೇಟರು ಆರುವ ಮುಂಚೆ ಬರೆದೆ.
ಮೊದಲ ಸಾಲು: ಆರು ರಂಧ್ರ ಖಾಲಿ.
ಎರಡನೆಯದು: ಒಂದರಲ್ಲಿ ಒಂದು ಮೀಟರು.
ಮೂರನೆಯದು: ಬಾವಿ ಹತ್ತಿರವಿದೆ, ನೀರು ಮೊದಲು ಪರೀಕ್ಷಿಸಿ.
ಗುಡ್ಡದ ಬೆನ್ನಿಗೆ ಹಳಬರು ತೋಡಿದ ಗುಂಡಿಗಳನ್ನೂ ಬರೆದೆ,
ಅಲ್ಲಿ ಒಡೆದು ಬಿದ್ದ ಬೀಸುಕಲ್ಲನ್ನೂ.
ಭವಿಷ್ಯದ ಚೌಕದಲ್ಲಿ ಇಂಗ್ಲಿಷಿಗೆ ಹತ್ತು ಸಾಲು ಬೇಕಾಯಿತು.

ಬೆಳಿಗ್ಗೆ ಜರ್ವಾಲಿ ರಾಡು ತೊಳೆಯುತ್ತ ಕೇಳಿದ,
"ಎಂಟನೇ ರಂಧ್ರ? ಫೀ, ಮಾಫೀ?"
ಅವನಿಗೆ ಮೂರನೆಯ ಮಾತು ಕಲಿಸಿದೆ.
ಎರಡು ಸಲ ಬಾಯಿ ಆಡಿಸಿ, ಹಳೆ ಗುಂಡಿಗಳ ಕಡೆ ನೋಡುತ್ತ,
ದೀರ್ಘ ಬಿಟ್ಟು ಅಂದ:
ಇದ್ದಿತು.

ತಿದ್ದಲಿಲ್ಲ.